ಕಾವಿನ ಪೆಟ್ಟಿಗೆ ಮತ್ತು ಫಕೀರಪ್ಪನ ಕಿವಿ

ನಾನು ಒಂದು ಇನ್‌ಕ್ಯುಬೇಟರ್. ಜೀವಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆ. ಕಾರ್ಖಾನೆಯಲ್ಲಿ ನನಗೆ ಬಾಗಿಲು ಕೂರಿಸಿದವನು ಅದನ್ನು ಮತ್ತೆ ಮತ್ತೆ ತೆಗೆದು ಮುಚ್ಚಿ ನೋಡಿದ್ದ. ಅವನ ಅನುಮಾನ ನನಗೂ ಅಂಟಿಕೊಂಡಿತೋ ಏನೋ. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂಬ ಚಿಂತೆ ನನ್ನನ್ನು ಬಿಟ್ಟಿದ್ದೇ ಇಲ್ಲ.

ಧಾರವಾಡದ ಪ್ರಯೋಗಾಲಯವೊಂದರಲ್ಲಿ ನನ್ನನ್ನು ಲಾರಿಯಿಂದ ಇಳಿಸಿಕೊಂಡ ಅಟೆಂಡರ್ ಫಕೀರಪ್ಪ, "ಕೋಳಿ ಇಲ್ಲದ ಕಾವು ನೋಡ್ರಿ ಇದು" ಎಂದು ನಕ್ಕ. ಅಂದಿನಿಂದ ನಾನು ಕಾವಿನ ಪೆಟ್ಟಿಗೆ.

ಒಂದಿಬ್ಬರ ಕೈ ದಾಟಿ ಸಂಶೋಧಕಿ ಪ್ರೇಮಲೀಲಾ ಕಟ್ಟಿಮನಿಯ ಪಾಲಿಗೆ ಬಂದೆ. ಫಕೀರಪ್ಪನ ಮನೆತನದಲ್ಲಿ ಎಲ್ಲರಿಗೂ ಕಿವಿ ಮಂದ. ಆಕೆ ಅವನ ರಕ್ತದಿಂದ, ಯಾವ ಅಂಗವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳನ್ನು ಮಾಡಿ, ಅವುಗಳಿಂದ ಒಳಗಿವಿಯ ಅಂಗಾಂಶ ಬೆಳೆಸುತ್ತಿದ್ದಳು. ಕಿವಿ ಹೇಗೆ ರೂಪುಗೊಳ್ಳುತ್ತದೆ, ಇವರಲ್ಲಿ ಎಲ್ಲಿ ದಾರಿ ತಪ್ಪುತ್ತದೆ ಎಂದು ತಿಳಿಯಬೇಕಿತ್ತು. ಸಾಸಿವೆಯಷ್ಟು ಬಿಳಿ ಉಂಡೆಗಳು. ತಿಂಗಳುಗಟ್ಟಲೆ ನನ್ನ ಹೊಟ್ಟೆಯಲ್ಲಿ. ಹಿಂದಿನ ಸಲ ಬೆಳೆಸಿದವು ಸತ್ತುಹೋಗಿದ್ದವು. ತಪ್ಪು ನನ್ನದೇ ಇರಬೇಕು ಎಂದು ಕೊರಗುತ್ತಿದ್ದೆ.

"ಮೇಡಂ, ನನ್ನ ಕಿವಿ ಹೆಂಗದಾವ್ರೀ?"

"ಆರಾಮ ಅದಾವ. ಅವೂ ನಿಮ್ಮಂಗ, ಕರದ್ರ ಓ ಅನ್ನಂಗಿಲ್ಲ."

ಫಕೀರಪ್ಪ ನಕ್ಕು, ಆಮೇಲೆ ದನಿ ತಗ್ಗಿಸಿದ. "ಮಗಳು ಬಸುರಿ ಅದಾಳ್ರೀ. ಇದರಾಗ ಏನರ ಗೊತ್ತಾದ್ರ, ಕೂಸಿನ ಕಿವಿ ಲಗೂನ ತೋರಿಸಬೌದು."

ದಸರೆಯ ಖಂಡೇಪೂಜೆ ಬಂತು. ಯಂತ್ರಗಳನ್ನೆಲ್ಲ ನಿಲ್ಲಿಸಿ, ಅವಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಸರ. "ಇದೊಂದನ್ನ ಆರಿಸಬ್ಯಾಡ್ರಿ, ಕೈಮುಗೀತೀನಿ" ಎಂದು ಪ್ರೇಮಲೀಲಾ ಎಲ್ಲರಿಗೂ ಹೇಳಿದಳು. ಆದರೆ ನನಗೆ ಸರ ಹಾಕಿದವಳೂ ಅವಳೇ. ಇನ್ನೊಮ್ಮೆ ಒಳಗೆ ಇಣುಕಿ ಬಾಗಿಲು ಮುಚ್ಚಿದಾಗ ಸರ ಸಂದಿಯಲ್ಲಿ ಸಿಕ್ಕಿಕೊಂಡಿತು. ನನ್ನ ಬಿಸಿಯುಸಿರು ಸೋರತೊಡಗಿತು. ಕೆಂಪು ದೀಪ ಹೊತ್ತಿಸಿ ಕೂಗಿಕೊಂಡೆ. ಜಾಗಟೆ, ಗಂಟೆ, ಮಂಗಳಾರತಿ! ಕಿವಿ ಬೆಳೆಸುವ ಕೋಣೆಯಲ್ಲಿ ನನ್ನ ಕೂಗು ಯಾರ ಕಿವಿಗೂ ಬೀಳಲಿಲ್ಲ.

ಜಾಗಟೆಗೆ ತಲೆ ಸಿಡಿಯುತ್ತದೆಂದು ಫಕೀರಪ್ಪ ಕಿವಿಯ ಮಷೀನು ತೆಗೆದು ಜೇಬಿಗಿಟ್ಟು, ಸುಮ್ಮನೆ ಅತ್ತಿತ್ತ ನೋಡುತ್ತ ನಿಂತಿದ್ದ. ದೀಪ ಕಂಡಿತು. "ಮೇಡಂ, ಪೆಟ್ಟಿಗಿ ಒದರಾಕತ್ತೈತ್ರೀ!" ಎಂದು ಓಡಿಬಂದು ಹೂ ಕಿತ್ತೆಸೆದ.

ಕೆಲವು ಉಂಡೆಗಳು ಉಳಿದವು. ವಾರಗಳ ನಂತರ ಪ್ರೇಮಲೀಲಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಕೂದಲು ಬಂದಾವ! ಸಪ್ಪಳ ಹಿಡಿಯೂ ಕೂದಲು" ಎಂದಳು.

"ತಲಿಮ್ಯಾಗ ಹೋದವು ಅಲ್ಲರ ಬಂದುವಲ್ಲ" ಎಂದು ಫಕೀರಪ್ಪ ಬೋಳುತಲೆ ಸವರಿಕೊಂಡ.

ಆಕೆ ನಗಲಿಲ್ಲ. ಸಾಲಾಗಿ ನಿಲ್ಲಬೇಕಾದ ಕೂದಲು ಅಡ್ಡಾದಿಡ್ಡಿ ನಿಂತಿದ್ದವು. ಅದು ಅವನ ರಕ್ತದ ಗುಣವೋ, ನಾನು ತಣ್ಣಗಾದದ್ದರ ಫಲವೋ? ಮತ್ತೆ ಬೆಳೆಸಿದಳು. ನಾನು ಉಸಿರು ಬಿಗಿಹಿಡಿದು ಕಾವು ಕೊಟ್ಟೆ. ಮತ್ತೆ ಹಾಗೆಯೇ ನಿಂತವು. ತಪ್ಪು ನನ್ನದಾಗಿರಲಿಲ್ಲ, ಅವನ ರಕ್ತದ್ದು. ನನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನಿಸಿತು.

ವರ್ಷಗಳು ಉರುಳಿ ಹಳತಾದ ನಾನು ಈಗ ಮೆಟ್ಟಿಲ ಕೆಳಗಿದ್ದೇನೆ. ಬಾಗಿಲು ಮುಚ್ಚುವುದಿಲ್ಲ. ಒಳಗೆ ಪೂಜೆಯ ಜಾಗಟೆ ಇಡುತ್ತಾರೆ. ಕಳೆದ ಖಂಡೇಪೂಜೆಗೆ ಫಕೀರಪ್ಪ ಮೊಮ್ಮಗಳನ್ನು ಕರೆತಂದಿದ್ದ. ಅವಳ ಕಿವಿಯಲ್ಲೂ ಪುಟ್ಟ ಮಷೀನು. ಹುಟ್ಟಿದ ಕೂಡಲೇ ತೋರಿಸಿದ್ದರಿಂದ ಅರಳು ಹುರಿದಂತೆ ಮಾತಾಡುತ್ತಾಳೆ. ನನ್ನೊಳಗೆ ಕೈಹಾಕಿ ಜಾಗಟೆಯನ್ನು ಮೆಲ್ಲಗೆ ಬಡಿದಳು. ನನ್ನ ಖಾಲಿ ಹೊಟ್ಟೆ ಗುಂಯ್ ಎಂದಿತು.

"ಅಜ್ಜಾ, ಪೆಟ್ಟಿಗಿ ಒದರ್ತು!"

ಈ ಸಲ ಒಬ್ಬಳಿಗೆ ಕೇಳಿಸಿತು.