ಎಲ್ಲರಿಗೂ ಒಂದೇ ನಂಬರು

“ಏಯ್ ಪುಟ್ಟಲಿಂಗಿ, ಆ ಎಂಜಲು ಕೈ ಒರೆಸ್ಕೊಂಡು ಬಾರೇ ಮುಂಡೆ. ಕಾರ್ಡಿಗೆ ಸಾಂಬಾರ್ ಮೆತ್ತಿದ್ರೆ ನಿಮ್ಮಪ್ಪ ಬಂದು ತೊಳೀತಾನಾ?”

ಪುಟ್ಟಲಿಂಗಮ್ಮ ಎಂಜಲೆಲೆಯ ಬುಟ್ಟಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಬನ್ನಿಮಂಟಪದ ಆ ಛತ್ರದಲ್ಲಿ ಮದುವೆಯ ತಿಂಡಿ ಪಂಕ್ತಿ ಆಗತಾನೇ ಎದ್ದಿತ್ತು. ಎಲೆ ಎತ್ತುವುದಕ್ಕೆ, ಕಕ್ಕಸು ತೊಳೆಯುವುದಕ್ಕೆ ಹೆಂಗಸರನ್ನು ಒದಗಿಸುವ ಕಂಟ್ರಾಕ್ಟರ್ ನಾಗಾರ್ಜುನ ಹಿಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಗದರುತ್ತಿದ್ದ. ಅವನ ಮೇಸ್ತ್ರಿ ಜವರಪ್ಪ ಎಟಿಎಂ ಕಾರ್ಡುಗಳ ಕಟ್ಟು ಹಿಡಿದು, ಹೆಸರು ಓದಿ ಒಬ್ಬೊಬ್ಬರಿಗೇ ಹಂಚುತ್ತಿದ್ದ.

ಲೇಬರ್ ಆಫೀಸಿನ ಮೇಡಂ ಬರುತ್ತಾರೆ, ಕಾರ್ಡು ನಮ್ಮ ಹತ್ತಿರವೇ ಇದೆ ಅನ್ನಿ, ಅವರು ಅತ್ತ ಹೋದಮೇಲೆ ವಾಪಸ್ ಕೊಟ್ಟುಬಿಡಿ ಎಂದು ಜವರಪ್ಪ ಎಲ್ಲರಿಗೂ ಪಾಠ ಒಪ್ಪಿಸಿದ. ತನ್ನ ಅತ್ತಿಗೆಯ ಸರದಿ ಬಂದಾಗ ಮಾತ್ರ ಅವನಿಂದ ಮುಖ ನೋಡಲಾಗಲಿಲ್ಲ. ತಾಯಿ ಸತ್ತ ಮೇಲೆ ಅವನಿಗೆ ಹಿಟ್ಟು ಹಾಕಿ ಬೆಳೆಸಿದವಳು ಈ ಪುಟ್ಟಲಿಂಗಮ್ಮ. ಅಣ್ಣ ಸತ್ತಾಗ ಅವಳನ್ನು ಈ ಕೆಲಸಕ್ಕೆ ಸೇರಿಸಿದವನು ಅವನೇ.

ಸಂಬಳ ಬ್ಯಾಂಕಿಗೇ ಹಾಕಬೇಕು, ಕೈಗೆ ಕೊಡಕೂಡದು ಎಂಬ ಕಾನೂನು ಬಂದಾಗ ನಾಗಾರ್ಜುನ ತಲೆ ಕೆಡಿಸಿಕೊಳ್ಳಲಿಲ್ಲ. ಜವರಪ್ಪನಿಗೊಂದು ಬೈಕು ಕೊಡಿಸಿದ, ಅಷ್ಟೆ. ಜವರಪ್ಪ ಕೇರಿಯಲ್ಲಿ ಮನೆಮನೆಗೆ ಹೋಗಿ, ಕಾರ್ಡು ಕಳೆದುಕೊಂಡರೆ ಕಷ್ಟ, ನನ್ನ ಹತ್ತಿರ ಜೋಪಾನವಾಗಿರುತ್ತದೆ ಎಂದ. ನಮ್ಮ ಹುಡುಗ ಎಂದು ಅವರೂ ಕೊಟ್ಟರು. ನೆನಪಿಗೆ ಸುಲಭ ಎಂದು ಎಲ್ಲ ಕಾರ್ಡಿಗೂ ಆ ಬೈಕಿನ ನಂಬರನ್ನೇ ಹಾಕಿದ. ಸಂಬಳ ಬಿದ್ದ ಮೇಲೆ ತಾನೇ ಹೋಗಿ ಅಷ್ಟೂ ತೆಗೆದು ನಾಗಾರ್ಜುನನ ಕೈಗಿಡುವುದು, ಅವನು ಅರ್ಧ ಮುರಿದುಕೊಂಡು ಮಿಕ್ಕದ್ದನ್ನು ಭಿಕ್ಷೆ ಹಾಕಿದಂತೆ ಹಂಚುವುದು. ಬೈಕು ಕೇರಿಯೊಳಗೆ ಬಂದಾಗಲೆಲ್ಲ ಅತ್ತಿಗೆ ಮಾತ್ರ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬೈದಿದ್ದರಾದರೂ ಅವನಿಗೆ ಹಗುರಾಗುತ್ತಿತ್ತು.

ಲೇಬರ್ ಇನ್‌ಸ್ಪೆಕ್ಟರ್ ಮೇಡಂ ಬಂದರು. ನಾಗಾರ್ಜುನ ಬೆಳ್ಳಿ ಲೋಟದಲ್ಲಿ ಕಾಫಿ ತರಿಸಿದ, ಅವರು ಮುಟ್ಟಲಿಲ್ಲ. ಎಲ್ಲರೂ ಕಾರ್ಡು ಎತ್ತಿ ತೋರಿಸಿದರು. ಛತ್ರದ ಗೇಟಿನ ಪಕ್ಕದಲ್ಲೇ ಎಟಿಎಂ ಇದೆಯಲ್ಲ, ಒಬ್ಬರು ನನ್ನೆದುರಿಗೇ ದುಡ್ಡು ತೆಗೆಯಲಿ ಎಂದ ಮೇಡಂ, ಮುಂದೆ ನಿಂತಿದ್ದ ಪುಟ್ಟಲಿಂಗಮ್ಮನನ್ನೇ ಕರೆದರು. ಮಿಕ್ಕವರೂ ಹಿಂದೆಯೇ ಹೋದರು.

ಅವಳು ಹುಟ್ಟಿದಮೇಲೆ ಆ ಗಾಜಿನ ಬಾಗಿಲು ದಾಟಿದವಳಲ್ಲ. ಮೇಡಂ ಕಾರ್ಡು ಹಾಕಿಕೊಟ್ಟು ನಂಬರು ಒತ್ತಿ ಎಂದರು. ಅವಳು ತಿರುಗಿ ಜವರಪ್ಪನನ್ನು ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ. ಜವರನೇ ಬಲ್ಲ ಅಂದುಬಿಡಬಹುದಿತ್ತು ಅವಳು, ಅನ್ನಲಿಲ್ಲ. ಮರ್ತೋಗ್ಬುಟ್ಟದೆ ಕಣವ್ವ ಎಂದು ಸುಳ್ಳು ಹೇಳಿ, ಕೈಗೆ ಸಿಕ್ಕಿದ್ದನ್ನು ಒತ್ತಿದಳು. ತಪ್ಪಾಯಿತು. ಇನ್ನೊಮ್ಮೆ ಒತ್ತಿದಳು, ಅದೂ ತಪ್ಪು. ತನ್ನನ್ನು ಉಳಿಸಲಿಕ್ಕೆ ಈಕೆ ಸುಳ್ಳು ಹೇಳುತ್ತಿದ್ದಾಳೆಂದು ಜವರಪ್ಪನಿಗೆ ತಿಳಿಯಿತು.

“ಇವಕ್ಕೆಲ್ಲ ತಲೇಲಿ ಸಗಣಿ ಮೇಡಂ,” ಎಂದು ನಾಗಾರ್ಜುನ ನಕ್ಕ.

“ನಿಧಾನವಾಗಿ ಯೋಚನೆ ಮಾಡಿಮ್ಮ. ಇನ್ನೊಂದು ಸಲ ತಪ್ಪಾದ್ರೆ ಕಾರ್ಡು ಬಂದ್ ಆಗುತ್ತೆ. ಆಮೇಲೆ ನೀವೇ ಬ್ಯಾಂಕಿಗೆ ಹೋಗಿ ಹೊಸದು ಮಾಡಿಸ್ಬೇಕು.”

ಪುಟ್ಟಲಿಂಗಮ್ಮನ ಬೆರಳು ನಿಂತಿತು. “ನಾನೇ ಓಗ್ಬೇಕಾ? ಬ್ಯಾರೆಯೋರು ಓದ್ರೆ ಆಗಕಿಲ್ವಾ?”

“ಆಗಲ್ಲ. ನೀವೇ ಹೋಗ್ಬೇಕು.”

ನಾಗಾರ್ಜುನನ ನಗು ಆರಿತು. ಸಂಬಳ ನಿನ್ನೆಯಷ್ಟೇ ಬಿದ್ದಿತ್ತು, ಇನ್ನೂ ತೆಗೆದಿರಲಿಲ್ಲ. “ಲೇ ಜವರ, ಬೋಳಿಮಗನೆ, ನಂಬರ್ ಹೇಳೋ ಅವ್ಳಿಗೆ,” ಎಂದು ಬಾಯಿಬಿಟ್ಟ.

ಮೇಡಂ ತಿರುಗಿದರು. ಈಯಮ್ಮನ ನಂಬರು ಇವರಿಗೆ ಹೇಗೆ ಗೊತ್ತು ಎಂದು ಕೇಳಿದರು. ಜವರಪ್ಪ ಮುಂದೆ ಬಂದ.

“ಎಲ್ಲಾರ್ದೂ ಗೊತ್ತು ಮೇಡಂ. ಒಂದೇ ನಂಬ್ರ. ನಾನೇ ಆಕಿದ್ದು. ದುಡ್ಡು ತಗೀತಿದ್ದೋನೂ ನಾನೇ, ಈವಯ್ಯನ ಕೈಗೆ ಕೊಡ್ತಿದ್ದೆ.” ಅತ್ತಿಗೆಯ ಕಡೆ ತಿರುಗಿದ. “ಯೋಳ್ತೀನಿ ಅತ್ಗೆ, ಒತ್ತು.”

“ಬ್ಯಾಡ ಕಣ, ಬುಡು,” ಎಂದಳು ಪುಟ್ಟಲಿಂಗಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಕೊಂದಿತು. “ನಿನ್ ನಂಬ್ರ ನಿಂಗೇ ಇರ್ಲಿ.” ಮೂರನೇ ಸಲ ಬೇಕೆಂದೇ ಯಾವುದೋ ನಂಬರು ಒತ್ತಿ, ಸತ್ತ ಕಾರ್ಡನ್ನು ಈಚೆಗೆ ಎಳೆದುಕೊಂಡಳು.

ನಾಗಾರ್ಜುನ ಜವರಪ್ಪನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಿಗಿದ. ಜವರಪ್ಪ ಕೈ ಎತ್ತಲಿಲ್ಲ. ಈ ಏಟು ಅತ್ತಿಗೆಯದಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬಿಡ್ರೀ ಅವರನ್ನ ಎಂದು ಮೇಡಂ ಗದರಿದರು.

ಹೆಂಗಸರು ಯಾರೂ ಇತ್ತ ನೋಡಲಿಲ್ಲ. ಆಗಲೇ ಎಟಿಎಂ ಮುಂದೆ ಸಾಲು ನಿಂತಿದ್ದರು. ಮೊದಲಿಗೆ ಒಳಗೆ ಹೋದ ಭಾನುಪ್ರಿಯಾ ಕಕ್ಕಸು ತೊಳೆಯುವ ಹುಡುಗಿ. ನಂಬರು ಹೇಳಲು ಜವರಪ್ಪ ಬಾಯಿ ತೆರೆದ. ಅವಳು ಅವನನ್ನು ಕೇಳಲಿಲ್ಲ.

“ಏನ್ ಒತ್ಲಿ ದೊಡ್ಡವ್ವ?”

“ನಿಂಗ್ ತೋಚಿದ್ದ ಒತ್ತವ್ವ,” ಎಂದಳು ಪುಟ್ಟಲಿಂಗಮ್ಮ. “ಮೂರು ಸಲ.”