ಮರಳು ಬಿತ್ತಿದ ಅರ್ಧ ಹೊಲ

ಸಜ್ಜೆ ಬಿತ್ತುವುದರಲ್ಲಿ ನನ್ನನ್ನು ಮೀರಿಸುವವರು ಭೂಮಿಯ ಮೇಲೆ ಇಲ್ಲ. ನನ್ನ ಅಕ್ಕ ಒಬ್ಬಳಿದ್ದಾಳೆ, ಅದು ಅವಳು ನನಗಿಂತ ಮೊದಲು ಹುಟ್ಟಿದ್ದರಿಂದ ಆದ ಅನ್ಯಾಯ.

ಎರಡು ವರ್ಷ ಮಳೆ ಕೈಕೊಟ್ಟಾಗಲೂ ತೆನೆ ಕಟ್ಟಿದ್ದ ಸಜ್ಜೆಯ ಬೀಜವನ್ನು ಅಕ್ಕ ಬೂದಿ ಬೆರೆಸಿ ಒಂದು ಮಡಕೆಯಲ್ಲಿ ಕಾಪಿಟ್ಟಿದ್ದಳು. ಅಂಥ ಬೀಜ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಬಿತ್ತುವ ಹೊತ್ತಿಗೆ ಅವಳ ಕಾಲು ಉಳುಕಿ ಮಡಕೆ ನನ್ನ ಕೈಗೆ ಬಂತು, ಜೊತೆಗೊಂದು ಚೀಲ ಮರಳು. ಕಾಳು ಸಣ್ಣದು, ಒತ್ತಾಗಿ ಬೀಳುತ್ತದೆ, ಹಿಡಿ ಬೀಜಕ್ಕೆ ಮೂರು ಹಿಡಿ ಮರಳು ಬೆರೆಸು ಎಂದು ಸಾವಿರ ಸಲ ಹೇಳಿದಳು.

ಕಾಳನ್ನು ಎಣಿಸಿ ಬಿಡುವ ಬೆರಳು ನನ್ನವು. ಮರಳಿನ ಹಂಗೇಕೆ? ಬರೀ ಬೀಜವನ್ನೇ ಬಿತ್ತುತ್ತಾ ಹೋದೆ. ಹೊಲದ ನಡುವೆ ಬರುವಷ್ಟರಲ್ಲಿ ಮಡಕೆಯ ತಳ ಕಂಡಿತು. ಪಕ್ಕದ ಹೊಲದ ಉದ್ದಮೂಗಿನವನು ಬದುವಿನ ಮೇಲೆ ನಿಂತು ನೋಡುತ್ತಿದ್ದ. ನಿಲ್ಲಿಸಿದರೆ ಮಾನ ಹೋಗುತ್ತದೆ. ಉಳಿದರ್ಧಕ್ಕೆ ಮರಳನ್ನೇ ಬಿತ್ತಿದೆ. ಅಷ್ಟು ಗಾಂಭೀರ್ಯದಿಂದ ಮರಳು ಬಿತ್ತಿದವರು ಚರಿತ್ರೆಯಲ್ಲೇ ಇಲ್ಲ.

ಹನ್ನೆರಡನೆಯ ದಿನ ಅಕ್ಕ ಕುಂಟುತ್ತಾ ಬಂದಳು. ಅರ್ಧ ಹೊಲ ಇರುವೆಗೂ ದಾರಿ ಸಿಗದಷ್ಟು ದಟ್ಟ, ಇನ್ನರ್ಧ ನನ್ನ ತಲೆಯ ಹಾಗೆ ಬೋಳು. ಗುಬ್ಬಿ ತಿಂದಿರಬೇಕು ಎಂದೆ, ಒಂದೊಂದೂ ಹದ್ದಿನ ಗಾತ್ರದವು. ಅವಳು ಬೋಳು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಗುಬ್ಬಿ ಕಾಳು ತಿಂದು ಮರಳು ಇಟ್ಟೋಯ್ತಾ?"

ನಾನು ಆಕಾಶ ನೋಡಿದೆ.

"ಇಷ್ಟು ಒತ್ತಾಗಿದ್ರೆ ತೆನೆ ಕಟ್ಟಲ್ಲ ಕಣೋ. ಈ ಬೀಜ ಹೋದ್ರೆ ಮತ್ತೆ ಎಲ್ಲಿಂದ ತರ್ಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿ ಸಣ್ಣದಾಗಿತ್ತು.

ಮೂರು ದಿನಕ್ಕೆ ತುಂತುರು ಬಂತು. ಮಣ್ಣು ಹಸಿಯಿರುವಾಗಲೇ ಒತ್ತಿನ ಪೈರು ಕಿತ್ತು ಬೋಳಿಗೆ ನೆಡಬೇಕು. ಅಕ್ಕ ಬದುವಿನ ಮೇಲೆ ಕೂತು ಪೈರು ಬಾಡದಂತೆ ಎಲೆಯ ತುದಿ ಚಿವುಟಿ ಕೊಟ್ಟಳು, ನಾನು ನೆಟ್ಟೆ. ಏಳು ಲಕ್ಷ ಪೈರು, ನಂಬದಿದ್ದರೆ ನನ್ನ ಸೊಂಟವನ್ನೇ ಕೇಳಿ. ಆಮೇಲೆ ಒಂದು ತಿಂಗಳು ಹನಿ ಬೀಳಲಿಲ್ಲ. ಸಜ್ಜೆ ಎಲೆ ಸುರುಳಿ ಸುತ್ತಿಕೊಂಡು ಸುಮ್ಮನೆ ಕಾಯಿತು. ಮತ್ತೊಂದು ಮಳೆಗೆ ತೆನೆ ಹೊರಬಿತ್ತು.

ನೆಟ್ಟ ಅರ್ಧದ ತೆನೆಗಳು ಆಳುದ್ದ ಇದ್ದವು. ಸರಿ, ಮೊಣಕೈಯುದ್ದ. ಅಕ್ಕ ಬೀಜಕ್ಕೆ ಅವನ್ನೇ ಆರಿಸಿದಳು, ಮಡಕೆ ತುಂಬಿತು. ಮರಳು ಬಿತ್ತಿ ಸಜ್ಜೆ ಬೆಳೆದವನು ನಾನೊಬ್ಬನೇ ಎಂದು ಉದ್ದಮೂಗಿನವನಿಗೆ ಹೇಳಿದೆ. ಜಟ್ಟಿ ಬಿದ್ದರೂ ಮೀಸೆಗೆ ಮಣ್ಣಾಗಬಾರದಲ್ಲ.

ಈ ವರ್ಷ ಬಿತ್ತುವವಳು ಅಕ್ಕ. ಮರಳಿನ ಚೀಲ ನನ್ನ ಹೆಗಲ ಮೇಲಿದೆ. ಅದನ್ನು ಹೊರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅವಳೇ ಒಪ್ಪಿಕೊಂಡಿದ್ದಾಳೆ.