ಅಂಬಿಗನ ಪಕ್ಕದಲ್ಲಿ ಯಾರಿದ್ದರು

ಒಂಬತ್ತನೆಯ ಸಂಪುಟ ಬರುತ್ತದೆ, ಅದೇ ಕೊನೆಯದು ಎಂದು ಸುದ್ದಿ ಬಂದಾಗ ನಾನು ಬಸ್ಸಿನ ಸೀಟೊಂದಕ್ಕೆ ರೆಕ್ಸಿನ್ ಎಳೆದು ಮೊಳೆ ಹೊಡೆಯುತ್ತಿದ್ದೆ. ಕುಣಿದಾಡಬೇಕಾಗಿತ್ತು. ಅದರ ಬದಲು ಗುರಿ ತಪ್ಪಿ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಮೊದಲು ಮೊಳೆಯನ್ನು ಬೈದೆ, ಆಮೇಲೆ ಮುದುಕನನ್ನು ಬೈದೆ.

ಮುದುಕ ಎಂದರೆ ಆ ಪುಸ್ತಕಗಳನ್ನು ಬರೆಯುವವನು. ಓದುಗರೆಲ್ಲ ಅವನನ್ನು ಕರೆಯುವುದೇ ಹಾಗೆ. ಶುರುಮಾಡಿದಾಗ ಅವನ ಗಡ್ಡ ಕಪ್ಪಗಿತ್ತು, ನಾನಿನ್ನೂ ಶಾಲೆಯಲ್ಲಿದ್ದೆ. ಎರಡು ನದಿಗಳ ನಡುವೆ ಒಂದು ರಾಜ್ಯ, ಮಾತು ಬಿಟ್ಟ ರಾಣಿ, ಎದ್ದು ನಡೆಯುವ ಬೆಟ್ಟಗಳು, ಯಾರ ಪಕ್ಷಕ್ಕೂ ಸೇರದೆ ಎಲ್ಲರನ್ನೂ ದಾಟಿಸುವ ಒಬ್ಬ ಅಂಬಿಗ. ಮೂರು ಪುಸ್ತಕದಲ್ಲಿ ಮುಗಿಸುತ್ತೇನೆ ಎಂದಿದ್ದ. ಮೊದಲ ನಾಲ್ಕನ್ನು ನಾವು ಅನ್ನ ನೀರು ಬಿಟ್ಟು ಓದಿದೆವು. ಐದರಲ್ಲಿ ಒಂದು ಸೈನ್ಯಕ್ಕೆ ಕೆಸರು ದಾಟುವುದಕ್ಕೇ ಅರ್ಧ ಪುಸ್ತಕ ಬೇಕಾಯಿತು. ಎಂಟನೆಯದು ಬರುವಷ್ಟರಲ್ಲಿ ನನ್ನ ಮದುವೆಯಾಗಿ, ಅದು ಮುರಿದೂ ಬಿದ್ದಿತ್ತು. ರಾಣಿ ಮಾತ್ರ ಇನ್ನೂ ಕುದುರೆ ಹತ್ತುವುದರಲ್ಲೇ ಇದ್ದಳು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಿಡೋಣವೆಂದರೆ ಇಷ್ಟು ವರ್ಷ ಓದಿದ್ದು ದಂಡ, ಓದೋಣವೆಂದರೆ ಸಿಟ್ಟು.

ಸುತ್ತಿಗೆ ಗುರಿ ತಪ್ಪಿದ್ದಕ್ಕೆ ಕಾರಣ ಮಾತ್ರ ಮುದುಕನಲ್ಲ, ನನ್ನ ಅಣ್ಣ.

ಅಣ್ಣ ಪಕ್ಕದ ಊರಿನ ನೀರು ಶುದ್ಧಮಾಡುವ ಘಟಕದಲ್ಲಿದ್ದಾನೆ. ಊರಿನ ನಲ್ಲಿಗಳಿಗೆ ಹೋಗುವ ನೀರಿಗೆ ಎಷ್ಟು ಕ್ಲೋರಿನ್ ಬೀಳಬೇಕು ಎಂದು ನೋಡಿಕೊಳ್ಳುವ ಕೆಲಸ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಅವನ ಫೋನ್ ಬರುತ್ತದೆ. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಎಲ್ಲಿಗೆ ಬಂದೆ?" ಎಂದೇ ಶುರು. ಯಾವ ಅಧ್ಯಾಯಕ್ಕೆ ಬಂದೆ ಎಂದು ಅದರ ಅರ್ಥ. ಅಲ್ಲಿಂದ ಒಂದು ಗಂಟೆ ರಾಣಿ, ಬೆಟ್ಟ, ಅಂಬಿಗ ಎಂದು ಕಿತ್ತಾಡಿ ಫೋನ್ ಇಡುತ್ತೇವೆ. ನಮ್ಮಲ್ಲೊಂದು ಕಟ್ಟಳೆಯಿದೆ, ಅದಕ್ಕೆ ಗಡಿ ಎನ್ನುತ್ತೇವೆ. ಮುಂದಿನ ಭಾನುವಾರದೊಳಗೆ ಎಲ್ಲಿಯವರೆಗೆ ಓದಬೇಕು ಎಂದು ಇಬ್ಬರೂ ಒಪ್ಪಿಕೊಳ್ಳುವುದು, ಅದರಾಚೆ ಒಂದು ಸಾಲನ್ನೂ ಓದದಿರುವುದು. ಚಿಕ್ಕವರಿದ್ದಾಗ ಮನೆಗೆ ಒಂದೇ ಪ್ರತಿ ಬರುತ್ತಿತ್ತು, ಮುಂದೆ ಓದಿದವರು ಊಟದ ಹೊತ್ತಿನಲ್ಲಿ ಕಥೆ ಹೇಳಿ ಕೆಡಿಸುತ್ತಿದ್ದರು, ತಟ್ಟೆ ಹಾರುತ್ತಿದ್ದವು. ಆಗ ಅಮ್ಮ ಹಾಕಿದ ಕಟ್ಟಳೆ ಇದು. "ಇನ್ನೂ ಮುಗಿದಿಲ್ವಾ ನಿಮ್ಮ ರಾಮಾಯಣ?" ಎನ್ನುವುದು ಅವಳ ಖಾಯಂ ಮಾತಾಗಿತ್ತು.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಣ್ಣ ನನಗೆ ಫೋನ್ ಮಾಡಿ, "ಗಾಬರಿ ಏನಿಲ್ಲ, ಭಾನುವಾರ ಬಂದ್ರೆ ಸಾಕು" ಎಂದ. ಅಮ್ಮ ಶುಕ್ರವಾರ ಹೋದಳು. ನಾನು ತಲುಪುವಷ್ಟರಲ್ಲಿ ಅವಳ ಮುಖದ ಮೇಲೆ ಬಟ್ಟೆಯಿತ್ತು. ಹೇಗಾಯಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳಿದರೆ ಏನೆಂದು ಬೈದೇನೋ ಎಂದು ನನಗೇ ಭಯವಿತ್ತು. ಅಂದಿನಿಂದ ಎಂಟು ವರ್ಷ, ಪುಸ್ತಕ ಬಿಟ್ಟು ಬೇರೇನನ್ನೂ ನಾವು ಮಾತಾಡಿಲ್ಲ. ನನ್ನ ಮದುವೆ ಮುರಿದ ವಾರವೂ "ಎಲ್ಲಿಗೆ ಬಂದೆ?" ಎಂದೇ ಕೇಳಿದ. ಹೊಸ ಸಂಪುಟ ಇಲ್ಲದ ವರ್ಷಗಳಲ್ಲಿ ಹಳೆಯದನ್ನೇ ಮೊದಲಿನಿಂದ ಓದಿ, ಮುಂದೆ ಹಾಗಾಗುತ್ತದೆ, ಹೀಗಾಗುತ್ತದೆ ಎಂದು ಜಗಳವಾಡಿದೆವು. ಕೊನೆ ಗೊತ್ತಾಗಿಬಿಟ್ಟರೆ ಜಗಳಕ್ಕೆ ಏನು ಉಳಿಯುತ್ತದೆ? ಪುಸ್ತಕ ಮುಗಿದರೆ ಅಣ್ಣನೂ ಮುಗಿಯುತ್ತಾನೆ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ನನಗೆ ಇನ್ನೊಬ್ಬ ಅಣ್ಣನಿಲ್ಲ.

ನಮ್ಮ ದೊಡ್ಡ ಜಗಳ ಅಂಬಿಗನದು. ಆರನೆಯ ಸಂಪುಟದಲ್ಲಿ ಮುದುಕ ಅವನನ್ನು ಒಂದೇ ಸಾಲಿನಲ್ಲಿ ಮುಗಿಸಿದ. ಉಪ್ಪಿನ ವ್ಯಾಪಾರದ ಬಗ್ಗೆ ಉದ್ದ ಪ್ಯಾರಾ, ಅದರ ನಡುವೆ, "ಅಷ್ಟು ಹೊತ್ತಿಗೆ ಅಂಬಿಗ ತೀರಿಕೊಂಡಿದ್ದ." ಅಷ್ಟೇ, ಮತ್ತೆ ಉಪ್ಪು. ಹೇಗೆ ಸತ್ತ, ಎಲ್ಲಿ ಸತ್ತ, ಕೇಳಬೇಡಿ.

"ಎಲ್ಲರನ್ನೂ ದಾಟಿಸಿದವನು. ಪಕ್ಕದಲ್ಲಿ ಒಬ್ಬರೂ ಇಲ್ಲದೆ ಸಾಯಿಸಿಬಿಟ್ಟ ಪಾಪಿ" ಎಂದು ನಾನು ಎಷ್ಟು ಭಾನುವಾರ ಕೂಗಾಡಿದ್ದೇನೋ.

"ಯಾರೋ ಇದ್ದಿರ್ತಾರೆ ಕಣೇ" ಎನ್ನುತ್ತಿದ್ದ ಅಣ್ಣ, ದನಿ ಇಳಿಸಿ. "ಮುದುಕ ಬರೆದಿಲ್ಲ ಅಷ್ಟೇ. ಒಂಬತ್ತರಲ್ಲಿ ಬರೀತಾನೆ ನೋಡು."

ಪುಸ್ತಕ ಬಂದ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಾಲಿತ್ತು. ನನ್ನ ಮುಂದೆ, ಓದುಗರೆಲ್ಲ ನಕ್ಷೆ ಎಂದು ಕರೆಯುವವನು ನಿಂತಿದ್ದ. ಔಷಧಿ ಅಂಗಡಿ ಇಟ್ಟುಕೊಂಡಿರುವ ಮನುಷ್ಯ, ಆ ರಾಜ್ಯದ ನಕ್ಷೆಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ ಹಾಕಿಸಿಕೊಂಡಿದ್ದಾನೆ. ಎಂಟನೆಯ ಸಂಪುಟದಲ್ಲಿ ಮುದುಕ ಭೂಕಂಪ ಮಾಡಿಸಿ ನದಿಯ ದಿಕ್ಕು ಬದಲಿಸಿಬಿಟ್ಟ. ಅಂದಿನಿಂದ ನಕ್ಷೆ ಪೂರ್ತಿ ತೋಳಿನ ಅಂಗಿಯನ್ನೇ ಹಾಕುತ್ತಾನೆ.

"ಈ ಸಲವೂ ಮುಗಿಸಿರಲ್ಲ ಬಿಡಿ. ಕೊನೇಲಿ ಒಂದು ಕೂಸು ಹುಟ್ಟಿಸಿ ಮತ್ತೆ ಒಂಬತ್ತು ಬರೀತಾನೆ" ಎಂದ.

"ಬರೆದರೆ ಕೊಳ್ಳಲ್ವಾ?" ಎಂದು ಕೇಳಿದೆ.

"ಕೊಳ್ಳದೆ ಏನ್ಮಾಡ್ಲಿ?" ಎಂದು ಮುಖ ತಿರುಗಿಸಿದ.

ನನ್ನ ಹಿಂದೆ ನಿವೃತ್ತ ಟೀಚರೊಬ್ಬರು. ಆರರ ನಂತರ ಮುದುಕನ ಒಂದಕ್ಷರವನ್ನೂ ಓದಿಲ್ಲ, ಓದುವುದೂ ಇಲ್ಲ, ಪೀಡೆ ತೊಲಗುವುದನ್ನು ಕಣ್ಣಾರೆ ನೋಡಲು ಬಂದೆ ಎಂದು ಕಡ್ಡಿ ತುಂಡುಮಾಡಿದ ಹಾಗೆ ಹೇಳಿದರು. ಬಾಗಿಲು ತೆರೆದಾಗ ನನ್ನನ್ನು ಮೊಣಕೈಯಲ್ಲಿ ತಳ್ಳಿ ಒಳಗೆ ನುಗ್ಗಿ ಎರಡು ಪ್ರತಿ ಎತ್ತಿಕೊಂಡರು. ಒಂದು ಓದಿ ಮಾಸಿದರೆ ಇನ್ನೊಂದು ಇರಲಿ ಎಂಬಂತೆ.

ಮೊದಲಾದರೆ ವಾರಕ್ಕೆ ಐದು ಅಧ್ಯಾಯ ನಮ್ಮ ಗಡಿ. ಈ ಸಲ ನಾನು, ಕೆಲಸ ಜಾಸ್ತಿಯಿದೆ, ಮೂರು ಸಾಕು ಎಂದೆ. ತಲೆಯ ಮೇಲೆ ಹೊಡೆದಂಥ ಸುಳ್ಳು. ಆಮೇಲೆ ಎರಡು, ಆಮೇಲೆ ಒಂದು. ಪ್ರತಿ ಸಲವೂ ಅಣ್ಣ, "ಹೂಂ, ನಿಧಾನಕ್ಕೇ ಓದು" ಎಂದುಬಿಟ್ಟ. ಒಂದು ಪುಟ ಹೆಚ್ಚು ಓದಲು ಅಮ್ಮನ ಕಾಲು ಹಿಡಿಯುತ್ತಿದ್ದವನು ಇವನೇನಾ ಎಂದು ಅನುಮಾನ ಹತ್ತಿತು. ಮಾತೂ ಕಮ್ಮಿಯಾಗಿತ್ತು. ರಾಣಿ ಇಷ್ಟು ವರ್ಷದ ಮೇಲೆ ಬಾಯಿಬಿಟ್ಟ ಅಧ್ಯಾಯಕ್ಕೂ "ಚೆನ್ನಾಗಿದೆ" ಎಂದನೇ ಹೊರತು ಜಗಳಕ್ಕೆ ಬರಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಲಿದ ಸೀಟನ್ನು ಬಿಚ್ಚಿ ಮತ್ತೆ ಹೊಲಿದೆ. ಇವನು ಈಗಲೇ ದೂರವಾಗುತ್ತಿದ್ದಾನೆ, ಪುಸ್ತಕ ಮುಗಿಯುವವರೆಗೂ ಕಾಯುವ ಸೌಜನ್ಯವೂ ಇಲ್ಲ ಎಂದು ಮನಸ್ಸು ಕುದಿಯಿತು.

ಅಷ್ಟರಲ್ಲಿ ಅತ್ತಿಗೆಯ ಫೋನ್ ಬಂತು. "ನಮ್ಮನೆ ಸೋಫಾ ಕಿತ್ತು ಹೋಗಿದೆ ಕಣಮ್ಮ. ಮನೇಲೇ ಈ ಕೆಲಸ ಬಲ್ಲವಳು ಇರುವಾಗ ಬೇರೆಯವರ ಹತ್ರ ಹೋಗೋದು ಚೆನ್ನಾಗಿರುತ್ತಾ? ಬಂದು ನೋಡು." ಆ ಮನೆಗೆ ನಾನು ಹೋಗದೆ ವರ್ಷಗಳಾಗಿದ್ದವು. ಇಲ್ಲವೆನ್ನಲು ನೆಪ ಹೊಳೆಯಲಿಲ್ಲ. ಅಣ್ಣನನ್ನು ಎದುರೆದುರೇ ನೋಡಿಬಿಡೋಣ ಎಂಬ ಹಟವೂ ಬಂತು.

ಅಣ್ಣ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅತ್ತಿಗೆ ಅಡುಗೆಮನೆಯಲ್ಲಿದ್ದರು. ನಾನು ಸೋಫಾ ಮಗುಚಿ, ಸುತ್ತಿಗೆಯ ಹಿಂತುದಿಯಿಂದ ಮೊಳೆ ಕಿತ್ತು ತಳದ ಬಟ್ಟೆ ಬಿಚ್ಚಿ, ಜೋತುಬಿದ್ದ ಪಟ್ಟಿಗಳನ್ನು ನೋಡಿ ಎದ್ದಾಗ ಕಿಟಕಿಯ ಹತ್ತಿರ ಒಂಬತ್ತನೆಯ ಸಂಪುಟ ಕಂಡಿತು. ನನ್ನದರ ಪಕ್ಕದಲ್ಲಿಟ್ಟರೆ ಅವಳಿ. ಆದರೆ ಬೆನ್ನು ಬೇರೆ. ಬಗ್ಗಿದ್ದು ಎಲ್ಲಿ, ಎಳೆದಿದ್ದು ಎಲ್ಲಿ ಎಂದು ನೋಡುವುದೇ ನನ್ನ ಕಸುಬು. ಸೀಟಿನ ಮಡಿಕೆ ನೋಡಿ ಕೂತವರ ತೂಕ ಹೇಳುತ್ತೇನೆ. ಅಂಟು ಹಾಕಿದ ದಪ್ಪ ಪುಸ್ತಕವನ್ನು ಎಲ್ಲಿಯವರೆಗೆ ಬಿಡಿಸುತ್ತೀರೋ ಅಲ್ಲಿಯವರೆಗೆ ಬೆನ್ನಿನ ಮೇಲೆ ಗೆರೆ ಬೀಳುತ್ತದೆ. ನನ್ನದರಲ್ಲಿ ಗೆರೆ ಅರ್ಧಕ್ಕೆ ನಿಂತಿವೆ. ಅವನದರಲ್ಲಿ ಈ ತುದಿಯಿಂದ ಆ ತುದಿಗೆ ಇದ್ದವು.

ಅಣ್ಣ ಒಳಗೆ ಬಂದು ಚಪ್ಪಲಿ ಬಿಡುವ ಮೊದಲೇ ಪುಸ್ತಕ ಅವನ ಮುಖಕ್ಕೆ ಹಿಡಿದೆ.

"ಗಡಿ ದಾಟಿದ್ದೀಯ."

ಅವನು ಪುಸ್ತಕ ನೋಡಿದ, ನನ್ನ ನೋಡಿದ. ತಲೆಗೂದಲು ಇಷ್ಟು ಬೆಳ್ಳಗಾಗಿದೆ ಎಂದು ಫೋನಿನಲ್ಲಿ ಹೇಗೆ ಗೊತ್ತಾಗಬೇಕು. "ಹೂಂ" ಎಂದ.

"ಯಾವಾಗ?"

"ಬಂದ ವಾರಾನೇ."

"ಮತ್ತೆ ಭಾನುವಾರ ಭಾನುವಾರ ನಾಟಕ ಆಡ್ತಿದ್ಯಲ್ಲ! ಅಮ್ಮ ಹಾಕಿದ ಕಟ್ಟಳೆ ಅದು. ಅದೊಂದೇ ಉಳಿದಿದ್ದಿದ್ದು ನಮಗೆ, ಅದನ್ನೂ ಮುರಿದೆ." ಪುಸ್ತಕವನ್ನು ಕಿಟಕಿಯ ಹತ್ತಿರ ಕುಕ್ಕಿದೆ. "ಕೊನೇಲಿ ಏನಾಗುತ್ತೆ ಅಂತ ಮಾತ್ರ ಹೇಳ್ಬೇಡ."

"ಹೇಳಲ್ಲ." ಅವನು ಮಗುಚಿದ ಸೋಫಾ ನೋಡಿ ಕೂರಲು ಜಾಗ ಕಾಣದೆ ಗೋಡೆಗೊರಗಿ ನೆಲದ ಮೇಲೆ ಕೂತ. "ಅಂಬಿಗನ ವಿಷಯ ಇದೆಯಾ ಅಂತ ನೋಡೋಕೆ ಓದ್ದೆ. ತಡಕೊಳ್ಳೋಕಾಗ್ಲಿಲ್ಲ. ಒಂದು ಸಾಲೂ ಇಲ್ಲ ಕಣೇ. ಪಕ್ಕದಲ್ಲಿ ಯಾರಿದ್ರು ಅಂತ ಅವನು ಬರೆದೇ ಇಲ್ಲ."

"ಇಲ್ಲದಿದ್ರೆ ಇಲ್ಲ. ಅದಕ್ಕೆ ಗಡಿ ದಾಟ್ಬೇಕಿತ್ತಾ?"

"ಅವನು ಬರೆದಿದ್ರೆ, ಅದನ್ನ ಹಿಡ್ಕೊಂಡು ನಿನಗೆ ಹೇಳಬಹುದು ಅಂದ್ಕೊಂಡಿದ್ದೆ." ಅಣ್ಣ ಕೈಯ ಬೆರಳುಗಳನ್ನೇ ನೋಡುತ್ತಿದ್ದ. "ಅಮ್ಮ ಹೋಗುವಾಗ ನಾನು ಪಕ್ಕದಲ್ಲೇ ಇದ್ದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಭಾನುವಾರ ಬಾ ಅಂದಿದ್ದು ಡಾಕ್ಟರ ಮಾತು ನಂಬಿ. ಶುಕ್ರವಾರಾನೂ ಅಮ್ಮ ಚೆನ್ನಾಗೇ ಇದ್ಲು. ನನ್ನ ಕೈಲಿ ಆರನೇ ಪುಸ್ತಕ ಇತ್ತು. ಇನ್ನೂ ಮುಗಿದಿಲ್ವಾ ನಿಮ್ಮ ರಾಮಾಯಣ ಅಂದ್ಲು. ಆಮೇಲೆ, ಆ ದೋಣಿಯವನು ಹೇಗಿದ್ದಾನೋ ಅಂತ ಕೇಳಿದ್ಲು."

"ಅಮ್ಮನಿಗೆ ಅಂಬಿಗ ಗೊತ್ತಿದ್ನಾ?"

"ಊಟಕ್ಕೆ ಕೂತಾಗೆಲ್ಲ ನಮ್ಮ ಕೂಗಾಟ ಕೇಳ್ತಿದ್ಲಲ್ಲ. ಚೆನ್ನಾಗಿದ್ದಾನೆ ಅಮ್ಮ ಅಂದೆ. ನನಗಿನ್ನೂ ಗೊತ್ತಿರ್ಲಿಲ್ಲ. ಕಣ್ಣು ಮುಚ್ಚಿದ್ಲು, ನಿದ್ದೆ ಮಾಡ್ತಾಳೆ ಅಂದ್ಕೊಂಡು ಓದ್ತಾ ಹೋದೆ. ಆ ಸಾಲು ಬಂತು. ಅಯ್ಯೋ, ನಿನ್ನ ದೋಣಿಯವನು ಹೋಗ್ಬಿಟ್ಟ ಅಂತ ಹೇಳೋಣ ಅಂತ ತಲೆ ಎತ್ತಿದೆ."

 

ಮೊದಲು ಬಂದದ್ದು ಸಿಟ್ಟೇ. ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂತು, ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು, ಅಮ್ಮ ಹೋದದ್ದನ್ನು ಕಾಣದೆ ಹೋದವನು. ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು. ಆಮೇಲೆ ನನ್ನದೇ ದನಿ ಕಿವಿಗೆ ಬಿತ್ತು. ಪಕ್ಕದಲ್ಲಿ ಒಬ್ಬರೂ ಇಲ್ಲದೆ ಸಾಯಿಸಿಬಿಟ್ಟ ಪಾಪಿ ಎಂದು ಎಂಟು ವರ್ಷದಿಂದ, ಭಾನುವಾರ ತಪ್ಪದೆ, ಅವನ ಕಿವಿಗೇ ಹೇಳುತ್ತಾ ಬಂದಿದ್ದೆ. ಅವನು ಪ್ರತಿ ಸಲವೂ, ಯಾರೋ ಇದ್ದಿರ್ತಾರೆ ಕಣೇ ಎಂದಿದ್ದ. ಆದರೂ ಮುಂದಿನ ಭಾನುವಾರ ಮತ್ತೆ ಫೋನ್ ಮಾಡುತ್ತಿದ್ದ. ನನಗೆ ತಡೆಯಲಾಗದಷ್ಟು ದುಃಖವಾಯಿತು, ಅಮ್ಮನಿಗಾಗಿ ಎಷ್ಟೋ ಅವನಿಗಾಗಿಯೂ ಅಷ್ಟೇ.

ಸುತ್ತಿಗೆ ಕೆಳಗಿಟ್ಟು ಅವನ ಪಕ್ಕ ನೆಲದ ಮೇಲೆ ಕೂತೆ.

"ರಾಮಾಯಣ ಅಂದಾಗ ನಕ್ಕಳಾ?" ಎಂದು ಕೇಳಿದೆ.

"ನಕ್ಕಳು ಕಣೇ. ಕೆಮ್ಮು ಬರೋ ಅಷ್ಟು ನಕ್ಕಳು."

"ಮತ್ತೇನಂದ್ಲು? ಎಲ್ಲ ಹೇಳು. ಬೆಳಿಗ್ಗೆಯಿಂದ ಹೇಳು."

ಹೇಳಿದ. ಅತ್ತಿಗೆ ಬಂದು ನಮ್ಮಿಬ್ಬರ ಕೈಗೂ ತಟ್ಟೆ ಕೊಟ್ಟು, ಏನೂ ಕೇಳದೆ ಮಗುಚಿದ ಸೋಫಾದ ಅಂಚಿನ ಮೇಲೆ ಕೂತರು. ಪಟ್ಟಿ ಬದಲಿಸುವ ಕೆಲಸ ಆ ದಿನ ಆಗಲಿಲ್ಲ.

ನನ್ನ ಒಂಬತ್ತನೆಯ ಸಂಪುಟ ಇನ್ನೂ ಅರ್ಧಕ್ಕೇ ನಿಂತಿದೆ. ರೆಕ್ಸಿನ್‌ಗೆ ಅಂಟು ಹಚ್ಚಿದ ಮೇಲೆ ಒಣಗುವವರೆಗೆ ಈ ಪುಸ್ತಕವನ್ನೇ ಅದರ ಮೇಲೆ ಹೇರಿಡುತ್ತೇನೆ. ಮುದುಕ ಇಷ್ಟು ಬರೆದಿದ್ದಕ್ಕೆ ತೂಕವಂತೂ ಇದೆ. ರಾಣಿಗೆ ಏನಾಯಿತು ಎಂದು ತಿಳಿಯುವ ಆಸೆ ಹೋಗಿಲ್ಲ, ಬೈಯುವುದೂ ಬಿಟ್ಟಿಲ್ಲ.

ಮರುಭಾನುವಾರ ತಿಂಡಿ ಮುಗಿದರೂ ಫೋನ್ ಬರಲಿಲ್ಲ. ನಾನು ಎದ್ದು ಬಾಗಿಲಿಗೆ ಹೋದೆ, ಒಳಗೆ ಬಂದೆ, ಫೋನ್ ಸರಿಯಿದೆಯೇ ಎಂದು ನೋಡಿದೆ. ಎಲ್ಲ ಹೇಳಿ ಮುಗಿದ ಮೇಲೆ ಇನ್ನೇನೂ ಉಳಿಯಲಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಅದು ಹೊಡೆದುಕೊಂಡಿತು. ಅಣ್ಣ ಬಾಯಿ ತೆರೆಯುವ ಮೊದಲೇ ಅಭ್ಯಾಸಬಲದಿಂದ ನಾನೇ "ಹದಿನೇಳನೇ ಅಧ್ಯಾಯ" ಎಂದೆ.

"ಅದಲ್ಲ ಕಣೇ" ಎಂದ. "ಹೇಗಿದ್ದೀಯ?"

ಎಂಟು ವರ್ಷದಿಂದ ಯಾವ ಅಧ್ಯಾಯ ಎಂದರೆ ನಿಂತಲ್ಲೇ ಥಟ್ಟನೆ ಹೇಳುತ್ತಿದ್ದೆ, ಇದಕ್ಕೆ ಉತ್ತರ ಉದ್ದವಿತ್ತು. ಕುರ್ಚಿ ಎಳೆದುಕೊಂಡು ಕೂತೆ.